ಕಾಫಿ ಲೋಟದ ಹಿಂದಿನ ಲೆಕ್ಕ

ಮುಂಬಯಿಯ ಅನೇಕ ರಸ್ತೆಗಳಲ್ಲಿ ಇಂದು ಮೂರು ಬಗೆಯ ಕಾಫಿ ದೊರೆಯುತ್ತದೆ. ನಮ್ಮವರ ಉಡುಪಿ ಹೋಟೇಲಿನಲ್ಲಿ 40 ರೂಪಾಯಿಯ ಆಸುಪಾಸಿನ ಫಿಲ್ಟರ್ ಕಾಫಿ. ಹವಾನಿಯಂತ್ರಿತ ಸರಣಿ ಮಳಿಗೆಯಲ್ಲಿ ಅದರ ಐದಾರು ಪಟ್ಟು ಬೆಲೆಯ ಕಾಫಿ. ಇವೆರಡರ ನಡುವೆ, ಇತ್ತೀಚೆಗೆ ತಲೆಯೆತ್ತಿರುವ, ಕುಳಿತುಕೊಳ್ಳಲು ಜಾಗವೇ ಇಲ್ಲದ ಕಿರುಮಳಿಗೆಗಳ ಅಗ್ಗದ ಕಾಫಿ. ದೊಡ್ಡ ವ್ಯಾಪಾರಿ ಅಗ್ಗವಾಗಿ ಮಾರುತ್ತಾನೆ, ಚಿಕ್ಕವನು ತುಟ್ಟಿಯಾಗಿ ಮಾರುತ್ತಾನೆ ಎಂಬುದು ಕಿರಾಣಿಯಲ್ಲೂ ಬಟ್ಟೆಯಲ್ಲೂ ಕಂಡುಬರುವ ರೂಢಿ. ಕಾಫಿಯ ವಿಷಯದಲ್ಲಿ ನಮ್ಮ ದೇಶದಲ್ಲಿ ಬಹುಕಾಲ ಇದು ತಿರುವುಮುರುವಾಗಿಯೇ ಇತ್ತು. ಹಾಗಿದ್ದೂ ಗಿರಾಕಿಗಳಿಂದ ತುಂಬಿರುವ ಉಡುಪಿ ಹೋಟೇಲು ಒಂದು ದಿನ ಇದ್ದಕ್ಕಿದ್ದಂತೆ ಬಾಗಿಲೆಳೆಯುವುದೇಕೆ?

ಮೊದಲು ಲೋಟದೊಳಗಿನ ಲೆಕ್ಕ. ಒಂದು ಕಾಫಿಗೆ 10 ಗ್ರಾಂ ಪುಡಿ, 100 ಮಿಲಿಲೀಟರ್ ಹಾಲು ಬೇಕೆನ್ನೋಣ. ಪುಡಿ ಕಿಲೋಗೆ 800 ರೂ., ಹಾಲು ಲೀಟರಿಗೆ 65 ರೂ. ಎಂದಿಟ್ಟುಕೊಂಡರೆ, ಸಕ್ಕರೆ ಮತ್ತು ಗ್ಯಾಸಿನ ಖರ್ಚೂ ಸೇರಿ ಸುಮಾರು 16 ರೂಪಾಯಿ ತಗಲುತ್ತದೆ. ಬ್ರೆಜಿಲ್ ಮತ್ತು ವಿಯೆಟ್ನಾಮಿನ ಬರಗಾಲದಿಂದಾಗಿ 2025ರ ಆರಂಭದಲ್ಲಿ ಅಂತಾರಾಷ್ಟ್ರೀಯ ಪೇಟೆಯಲ್ಲಿ ಅರೇಬಿಕಾ ಬೀಜದ ಬೆಲೆ ದಾಖಲೆಯ ಮಟ್ಟಕ್ಕೇರಿತು. ಪುಡಿಯ ದರ ಕಿಲೋಗೆ 300 ರೂ. ಏರಿದರೆ ಒಂದು ಲೋಟದ ಖರ್ಚು 3 ರೂಪಾಯಿ ಹೆಚ್ಚುತ್ತದೆ. 250 ರೂಪಾಯಿಗೆ ಮಾರುವವನಿಗೆ ಅದು ಗಣನೆಗೇ ಬಾರದು. 40 ರೂಪಾಯಿಗೆ ಮಾರುವವನಿಗೆ ಕೈಯಲ್ಲಿ ಉಳಿಯುವ ಲಾಭವೇ ಅಷ್ಟಿರಬಹುದು. ಆದರೂ ಹೋಟೇಲಿನ ಅಳಿವು ಉಳಿವು ನಿರ್ಧಾರವಾಗುವುದು ಪುಡಿಯಿಂದಲ್ಲ, ಜಾಗದಿಂದ.

ಮಾಟುಂಗಾದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭವಾದದ್ದು 1942ರಲ್ಲಿ. ನಮ್ಮವರ ಅನೇಕ ಹೋಟೇಲುಗಳು ಅದೇ ಕಾಲಮಾನದವು, ಇಲ್ಲವೇ ನಂತರದ ಎರಡು ಮೂರು ದಶಕಗಳವು. 1947ರ ಮುಂಬಯಿ ಬಾಡಿಗೆ ಕಾಯಿದೆ ಬಾಡಿಗೆಯನ್ನು 1940ರ ಮಟ್ಟದಲ್ಲಿ ಹಿಡಿದಿಟ್ಟಿತು. ಬಾಡಿಗೆದಾರನು ಪಗಡಿ ಕೊಟ್ಟು ಒಳಸೇರಿದರೆ ಮುಂದೆ ತಿಂಗಳಿಗೆ ಅತ್ಯಲ್ಪ ಮೊತ್ತ ತೆತ್ತರೆ ಸಾಕಾಗಿತ್ತು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂದಾಗ ವರ್ಷಕ್ಕೆ ಶೇ. 4ರ ಏರಿಕೆಗೆ ಅವಕಾಶವಿತ್ತರೂ ಹಳೆಯ ಬಾಡಿಗೆದಾರನ ರಕ್ಷಣೆಯನ್ನು ಉಳಿಸಿಕೊಂಡಿತು. ಅದೇ ಕಾಯಿದೆ ಬ್ಯಾಂಕುಗಳನ್ನೂ, ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಪಾವತಿಯಾದ ಷೇರು ಬಂಡವಾಳವುಳ್ಳ ಕಂಪೆನಿಗಳನ್ನೂ ಈ ರಕ್ಷಣೆಯಿಂದ ಹೊರಗಿರಿಸಿತು. ಅಂದರೆ ದೊಡ್ಡ ಸರಣಿ ಮಳಿಗೆ ಪೇಟೆಯ ದರದಲ್ಲೇ ಬಾಡಿಗೆ ತೆರಬೇಕು. ಪಕ್ಕದ ಹಳೆಯ ಹೋಟೇಲು ಅಜ್ಜನ ಕಾಲದ ದರಕ್ಕೆ ಸಮೀಪದ ಬಾಡಿಗೆ ತೆರುತ್ತದೆ. ನಮ್ಮ ಕಾಫಿಯ ಅಗ್ಗದ ಗುಟ್ಟಿನಲ್ಲಿ ದೊಡ್ಡ ಪಾಲು ಇದು. ಕೈಗುಣವನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ಕೈಗುಣವೊಂದರಿಂದಲೇ ಇಂಥ ಬೆಲೆ ಸಾಧ್ಯವಾಗದು.

ಇಂದು ಹೊಸದಾಗಿ ಹೋಟೇಲು ತೆರೆಯಹೊರಟ ನಮ್ಮ ತರುಣನಿಗೆ ಈ ಆಸರೆ ಇಲ್ಲ. ಅವನಿಗೆ ದೊರೆಯುವುದು ಕೆಲವೇ ವರ್ಷಗಳ ಲೀವ್ ಆ್ಯಂಡ್ ಲೈಸೆನ್ಸ್ ಕರಾರು. ಅವಧಿ ಮುಗಿದೊಡನೆ ಮಾಲಕ ಕೇಳಿದಷ್ಟು ಕೊಡಬೇಕು, ಇಲ್ಲವೇ ಹೊರಡಬೇಕು. ಬಾಡಿಗೆಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. 2017ರ ನವೆಂಬರಿನಿಂದ ಸಾಮಾನ್ಯ ಉಪಾಹಾರಗೃಹಗಳಿಗೆ ಶೇ. 5ರ ತೆರಿಗೆ ನಿಗದಿಯಾದಾಗ, ಹೀಗೆ ತೆತ್ತ ತೆರಿಗೆಯನ್ನು ಮರಳಿ ಪಡೆಯುವ ಸೌಲಭ್ಯವನ್ನು ಕಿತ್ತುಕೊಳ್ಳಲಾಯಿತು. ಆದ್ದರಿಂದ ಅದು ನೇರವಾಗಿ ಖರ್ಚಿಗೇ ಸೇರುತ್ತದೆ. ಬೆಂಗಳೂರಿನವರು ಇದಕ್ಕೆ 1980ರ ದಶಕದಲ್ಲೇ ಜಾಣ ಉಪಾಯ ಕಂಡುಕೊಂಡಿದ್ದರು. ದರ್ಶಿನಿಗಳಲ್ಲಿ ಕುರ್ಚಿಯನ್ನೇ ತೆಗೆದುಹಾಕಿದರು. ನಿಂತು ಕುಡಿಯುವ ಗಿರಾಕಿ ಕೆಲವೇ ನಿಮಿಷಗಳಲ್ಲಿ ಜಾಗ ಬಿಡುತ್ತಾನೆ. ಇಂದಿನ ಕಿರುಮಳಿಗೆ ಸರಣಿಗಳು ಮಾಡುತ್ತಿರುವುದೂ ಅದನ್ನೇ, ಹೆಸರು ಮಾತ್ರ ಇಂಗ್ಲಿಷಿನದು.

ಎರಡನೆಯ ಗುಟ್ಟು ದುಡಿಮೆ. ಒಂದು ಕಾಲದಲ್ಲಿ ಉಡುಪಿ, ಕುಂದಾಪುರಗಳ ಕಡೆಯಿಂದ ಬಂದ ಹುಡುಗರು ಹೋಟೇಲಿನಲ್ಲೇ ಉಂಡು, ಅಲ್ಲೇ ಮಲಗಿ, ಕನ್ನಡ ರಾತ್ರಿಶಾಲೆಗಳಲ್ಲಿ ಓದುತ್ತಿದ್ದರು. ಸಂಬಳ ಅಲ್ಪವಾಗಿದ್ದರೂ ಊಟ, ವಸತಿ, ವಿದ್ಯೆಯ ಆಸೆ ಅದರೊಡನೆ ಸೇರಿರುತ್ತಿದ್ದವು. ಊರಿನಲ್ಲೇ ಶಾಲೆ ಕಾಲೇಜುಗಳಾದವು, ಗಲ್ಫ್ ತೆರೆಯಿತು, ಆ ಹುಡುಗರು ಬರುವುದು ನಿಂತಿತು. ಅದಾದದ್ದು ಒಳ್ಳೆಯದೇ. ಗಲ್ಲಾದಲ್ಲಿ ಕೂರುವ ಮಾಲಕನ ದುಡಿಮೆ ಮಾತ್ರ ಇಂದಿಗೂ ಲೆಕ್ಕಪುಸ್ತಕಕ್ಕೆ ಬಂದಿಲ್ಲ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳೊಡನೆ ಬರುವ ಲಾಭ-ನಷ್ಟದ ಪತ್ರಗಳನ್ನು ಓದುವಾಗ ನಾನು ಮೊದಲು ಹುಡುಕುವುದು ಇದನ್ನೇ. ಅಣ್ಣ ತಮ್ಮಂದಿರಿಬ್ಬರು ಬೆಳಗಿನ ಐದರಿಂದ ರಾತ್ರಿ ಹತ್ತರವರೆಗೆ ದುಡಿದು ತಿಂಗಳಿಗೆ ಒಂದೂವರೆ ಲಕ್ಷ ಉಳಿಸಿದರೆಂದು ಭಾವಿಸಿ. ಅಷ್ಟು ಹೊತ್ತು ದುಡಿಯಬಲ್ಲ ಇಬ್ಬರು ಮ್ಯಾನೇಜರರಿಗೆ ಕೊಡಬೇಕಾದ ಸಂಬಳವನ್ನೂ, ಆ ಜಾಗದ ಪೇಟೆ ಬಾಡಿಗೆಯನ್ನೂ ಕಳೆದರೆ ಅನೇಕ ಸಲ ಲಾಭದ ಸ್ಥಾನದಲ್ಲಿ ನಷ್ಟ ಕಾಣಿಸುತ್ತದೆ.

ಹಾಗಾದರೆ ಸರಣಿ ಮಳಿಗೆಯವರು ಸುಖವಾಗಿದ್ದಾರೆಯೇ? ಚಿಕ್ಕಮಗಳೂರಿನ ತೋಟಗಳಿಂದ ಬಂದ ವಿ. ಜಿ. ಸಿದ್ಧಾರ್ಥ ಅವರು 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದರು. ಬೀಜವೂ ತಮ್ಮದೇ, ಹುರಿಯುವುದೂ ತಮ್ಮಲ್ಲೇ. ಇಂಥ ಅನುಕೂಲ ಬೇರೆಯವರಿಗಿರಲಿಲ್ಲ. ಮಳಿಗೆಗಳು ದೇಶದಾದ್ಯಂತ 1,700 ಮೀರಿದವು. ಸಮೂಹದ ಸಾಲ ಸಾವಿರಾರು ಕೋಟಿ ರೂಪಾಯಿಗಳಿಗೆ ಬೆಳೆದು, 2019ರ ಜುಲೈಯಲ್ಲಿ ಅವರ ದುರಂತ ಸಾವು ಸಂಭವಿಸಿದ ಬಳಿಕ ನಷ್ಟದ ಮಳಿಗೆಗಳನ್ನು ಮುಚ್ಚುತ್ತ ಬಂದು ಸಂಖ್ಯೆ 500ಕ್ಕೂ ಕೆಳಗಿಳಿಯಿತು. 2012ರಲ್ಲಿ ಮುಂಬಯಿಯ ಹಾರ್ನಿಮನ್ ವೃತ್ತದಲ್ಲಿ ಕಾಲಿಟ್ಟ ಟಾಟಾ ಸ್ಟಾರ್‌ಬಕ್ಸ್, 2023–24ರಲ್ಲಿ 1,200 ಕೋಟಿ ರೂ. ಮೀರಿದ ವಹಿವಾಟು ನಡೆಸಿಯೂ ನಷ್ಟದಲ್ಲೇ ಇತ್ತು. ವರ್ಷಗಟ್ಟಲೆ ನಷ್ಟವನ್ನು ಹೊರಲು ಬಂಡವಾಳಗಾರರ ಹಣ ಬೇಕು. ನಮ್ಮ ಹೋಟೇಲಿನವನ ಬಳಿ ಅದಿಲ್ಲ. ಅದರ ಬದಲು ಹಳೆಯ ಬಾಡಿಗೆಯಿದೆ, ಮನೆಯವರ ದುಡಿಮೆಯಿದೆ.

ಆ ಹಳೆಯ ಬಾಡಿಗೆಯ ಆಸರೆ ಕಳಚುವುದು ಕಟ್ಟಡದ ಪುನರ್‌ನಿರ್ಮಾಣದ ಸಮಯದಲ್ಲಿ. ಪಗಡಿಯ ಬಾಡಿಗೆದಾರನಿಗೆ ಹೊಸ ಕಟ್ಟಡದಲ್ಲಿ ಮಾಲಕತ್ವದ ಜಾಗ ದೊರೆಯುವುದರಿಂದ ಮೇಲ್ನೋಟಕ್ಕೆ ಇದು ಭಾಗ್ಯವೇ. ಆದರೆ ಕಟ್ಟಡ ಏಳಲು ಮೂರೋ ನಾಲ್ಕೋ ವರ್ಷ ಹಿಡಿದರೆ ಅಷ್ಟರಲ್ಲಿ ಭಟ್ಟರು ಬೇರೆಡೆ ಸೇರಿರುತ್ತಾರೆ, ಗಿರಾಕಿಗಳು ಬೇರೆ ಹೋಟೇಲು ಹಿಡಿದಿರುತ್ತಾರೆ. ಹೊಸ ಜಾಗವನ್ನು ಬಾಡಿಗೆಗೆ ಕೊಟ್ಟರೆ ಬರುವ ಹಣ ಹೋಟೇಲಿನ ಗಳಿಕೆಗಿಂತ ಹೆಚ್ಚು ಎಂಬುದು ಮಗನಿಗೆ ಕೂಡಲೇ ಹೊಳೆಯುತ್ತದೆ. ಅಲ್ಲಿಗೆ ಕಾಫಿಯ ಸರಣಿ ಮಳಿಗೆ ಬರುತ್ತದೆ, ಇಲ್ಲವೇ ನಮ್ಮಂಥ ಬ್ಯಾಂಕಿನ ಶಾಖೆ! ಮಗನನ್ನು ದೂರುವಂತಿಲ್ಲ, ಅವನ ಲೆಕ್ಕ ಸರಿಯಾಗಿಯೇ ಇದೆ.

ಹೋಟೇಲನ್ನು ಮುಂದುವರಿಸುವ ಮನಸ್ಸುಳ್ಳ ಕುಟುಂಬಗಳು ಬಿಲ್ಡರನ ಕರಾರಿಗೆ ಸಹಿ ಹಾಕುವ ಮೊದಲೇ ಕೆಲವು ಮಾತುಗಳನ್ನು ಬರವಣಿಗೆಯಲ್ಲಿ ಪಡೆಯಬೇಕು. ನೆಲಮಹಡಿಯಲ್ಲಿ ರಸ್ತೆಗೆ ಮುಖ ಮಾಡಿದ ಜಾಗವೇ ದೊರೆಯುವುದೇ, ಅಡುಗೆಮನೆಯ ಹೊಗೆಗೊಳವೆಗೆ ಮತ್ತು ಗ್ಯಾಸಿಗೆ ನಕ್ಷೆಯಲ್ಲಿ ಸ್ಥಳವಿದೆಯೇ, ಕಟ್ಟಡ ಏಳುವವರೆಗೆ ಕೈಗೆ ಬರುವ ಬಾಡಿಗೆಹಣದಲ್ಲಿ ಅದೇ ಪರಿಸರದಲ್ಲಿ ಪುಟ್ಟ ಗಾಳೆಯಾದರೂ ಸಿಗುವುದೇ ಎಂದು ವಿಚಾರಿಸಬೇಕು. ಗಾಳೆ ಚಿಕ್ಕದಾದರೂ ಅಡ್ಡಿಯಿಲ್ಲ, ಕಾಫಿ ಮತ್ತು ಇಡ್ಲಿಯಷ್ಟನ್ನೇ ನಡೆಸುತ್ತಿದ್ದರೂ ಭಟ್ಟರು ಕೈಬಿಟ್ಟು ಹೋಗುವುದಿಲ್ಲ.