ಮೇಳದ ಬಾಳು

ಅಮೇರಿಕೆಯಲ್ಲಿ ‘ಜ್ಯಾಮ್ ಬ್ಯಾಂಡ್’ ಎಂಬ ಬಗೆಯ ಸಂಗೀತ ಮೇಳಗಳುಂಟು. ಹಾಡಿನ ಹಂದರವಷ್ಟೇ ಮೊದಲು ಗೊತ್ತಿರುತ್ತದೆ. ಅದರ ಮೇಲೆ ವಾದ್ಯಗಾರರು ಒಬ್ಬರ ಮುಖವನ್ನೊಬ್ಬರು ನೋಡುತ್ತ ಆ ಹೊತ್ತಿಗೆ ಹೊಳೆದುದನ್ನು ನುಡಿಸುತ್ತಾರೆ. ೧೯೬೯ರಲ್ಲಿ ಹುಟ್ಟಿದ ಆಲ್ಮನ್ ಬ್ರದರ್ಸ್ ಮೇಳದವರು ಸುಮಾರು ೫ ನಿಮಿಷದ ಹಾಡೊಂದನ್ನು ೧೯೭೧ರಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ೨೦ ನಿಮಿಷಕ್ಕೂ ಮಿಕ್ಕಿ ಬೆಳೆಸಿದರು. ಇದನ್ನು ತಿಳಿದಾಗ ಮಾವಳ್ಳಿಯವನಾದ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನಮ್ಮ ಕಡೆಯ ಆಟವೂ ಹೀಗೆಯೇ ಅಲ್ಲವೇ?

ಯಕ್ಷಗಾನದಲ್ಲಿ ಪದ್ಯ ಕವಿಯದು; ಅರ್ಥ ವೇಷಧಾರಿಯದು. ಎದುರಾಳಿಯ ಮಾತಿಗೆ ನಿಂತ ನಿಲುವಿನಲ್ಲೇ ಉತ್ತರ ಹುಟ್ಟಬೇಕು. ಕುಣಿತ ರಂಗೇರಿದರೆ ಭಾಗವತರು ಅದೇ ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಮದ್ದಲೆ ಚಂಡೆಗಳು ಹೆಜ್ಜೆಯ ಸನ್ನೆಯನ್ನು ಹಿಂಬಾಲಿಸುತ್ತವೆ.

ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯಿದೆ. ಕೆರೆಮನೆ ಶಿವರಾಮ ಹೆಗಡೆಯವರು ಅದನ್ನು ೧೯೩೪ರಲ್ಲಿ ಕಟ್ಟಿದರು. ಅವರ ಮಗ ಶಂಭು ಹೆಗಡೆಯವರು ಮೇಳವನ್ನು ಬೆಳೆಸಿದ್ದಲ್ಲದೆ, ೧೯೮೬ರಲ್ಲಿ ಶ್ರೀಮಯ ಯಕ್ಷಗಾನ ಕಲಾಕೇಂದ್ರವೆಂಬ ಶಾಲೆಯನ್ನೂ ತೆರೆದರು. ೨೦೦೯ರ ಫೆಬ್ರವರಿಯಲ್ಲಿ ಇಡಗುಂಜಿಯ ಆಟದಲ್ಲಿ ಬಣ್ಣ ಹಚ್ಚಿ ರಂಗದಲ್ಲಿದ್ದಾಗಲೇ ಅಸ್ವಸ್ಥರಾಗಿ ತೀರಿಕೊಂಡರು. ಆದರೂ ಮೇಳ ನಿಲ್ಲಲಿಲ್ಲ. ಅವರ ಮಗ ಶಿವಾನಂದ ಹೆಗಡೆಯವರು ನಡೆಸುತ್ತ ಬಂದರು.

ಆಲ್ಮನ್ ಮೇಳಕ್ಕೂ ಇಂಥದೇ ಪೆಟ್ಟು ಬಿದ್ದಿತ್ತು. ಅದರ ನಾಯಕ ಡ್ವೇನ್ ಆಲ್ಮನ್ ೧೯೭೧ರಲ್ಲಿ, ೨೪ನೆಯ ವಯಸ್ಸಿನಲ್ಲಿ, ಮೋಟಾರ್ ಸೈಕಲ್ ಅಪಘಾತಕ್ಕೆ ಬಲಿಯಾದ. ಉಳಿದವರು ಒಡೆದು, ಮತ್ತೆ ಕೂಡಿ, ೨೦೧೪ರವರೆಗೆ ಮೇಳ ನಡೆಸಿ ವಿದಾಯ ಹೇಳಿದರು. ಆ ಹೊತ್ತಿನಲ್ಲಿ ಹೊಳೆದದ್ದು ಹೊಳೆದವನೊಡನೆಯೇ ಹೋಗುತ್ತದೆ. ತಾಳ, ಹೆಜ್ಜೆ, ಪದ್ಯಗಳನ್ನು ಮಾತ್ರ ಇನ್ನೊಬ್ಬರಿಗೆ ಕಲಿಸಿ ಹೋಗಬಹುದು. ಮೇಳಕ್ಕೆ ಶಾಲೆ ಬೇಕಾಗುವುದು ಇದಕ್ಕಾಗಿಯೇ.

ಪ್ರೇಕ್ಷಕನೂ ಕಲಿಯಬೇಕಲ್ಲ! ನನ್ನ ತಂದೆಗೆ ಓದು ಬರಹ ಬಾರದು. ಆದರೆ ಅವರು ಕೌರವನ ಪಕ್ಷ ಹಿಡಿದು ವಾದಕ್ಕೆ ನಿಂತರೆ ನನ್ನಲ್ಲಿ ಉತ್ತರವಿರುವುದಿಲ್ಲ. ರಾತ್ರಿಯಿಡೀ ಆಟ ನೋಡಿ ಗಳಿಸಿದ ವಿದ್ಯೆ ಅದು. ನಮ್ಮ ಮನೆಯ ಮೊದಲ ಪದವೀಧರನಾಗಲಿರುವ ನಾನಾದರೋ ಪರೀಕ್ಷೆಗಾಗಿ ಉತ್ತರಗಳನ್ನು ಬಾಯಿಪಾಠ ಮಾಡಿದೆನೇ ಹೊರತು, ಎದುರು ಪ್ರಶ್ನೆ ಬಂದಾಗ ನನ್ನದೇ ಮಾತು ಹುಡುಕಲು ಕಲಿಯಲಿಲ್ಲ.

ಪರೀಕ್ಷೆ ಮುಗಿದ ಮೇಲೆ ತಂದೆಯ ಪಕ್ಕದಲ್ಲಿ ಕುಳಿತು ಒಂದು ಆಟವನ್ನಾದರೂ ಮಂಗಳದವರೆಗೆ ನೋಡಬೇಕೆಂದಿದ್ದೇನೆ. ಗೆಳೆಯರೂ ಬರಬಹುದು, ಚಾಪೆ ದೊಡ್ಡದಿದೆ.