ತಪ್ಪು ಇಂಗ್ಲಿಷಿನ ಹಿಂದೆ ಸರಿಯಾದ ಕನ್ನಡ

ಕೆಲಸದ ಸಂದರ್ಶನದಲ್ಲಿ ನಿಮ್ಮನ್ನು 'ಡಿಡಂಟ್ ಯು ಬ್ರಿಂಗ್ ದಿ ಸರ್ಟಿಫಿಕೇಟ್?' ಎಂದು ಕೇಳುತ್ತಾರೆ. ನೀವು ಪ್ರಮಾಣಪತ್ರ ತಂದಿಲ್ಲ. ಏನೆಂದು ಉತ್ತರಿಸುವಿರಿ? ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಕನ್ನಡ ಶಾಲೆಯಲ್ಲಿ ಓದಿದವರ ಬಾಯಲ್ಲಿ 'ಎಸ್ ಸರ್' ಎಂಬ ಮಾತು ಸಹಜವಾಗಿ ಬಂದೀತು. ಕೇಳಿದವರು ನೀವು ತಂದಿದ್ದೀರೆಂದು ತಿಳಿದು ಕೈ ಚಾಚುತ್ತಾರೆ!

ಇದು ದಡ್ಡತನವಲ್ಲ. 'ತಂದಿಲ್ಲವೇ?' ಎಂದರೆ 'ಹೌದು, ತಂದಿಲ್ಲ' ಎನ್ನುವುದು ಒಳ್ಳೆಯ ಕನ್ನಡವೇ. ನಮ್ಮ 'ಹೌದು' ಕೇಳಿದವರ ಮಾತನ್ನು ಒಪ್ಪುತ್ತದೆ. ಇಂಗ್ಲಿಷಿನ 'ಎಸ್' ಹಾಗಲ್ಲ. ಪ್ರಶ್ನೆ ಹೇಗೇ ಇರಲಿ, ಕೆಲಸ ಆಗಿದ್ದರೆ 'ಎಸ್', ಆಗಿಲ್ಲದಿದ್ದರೆ 'ನೋ'. ಆದ್ದರಿಂದ ಇಲ್ಲಿ 'ನೋ ಸರ್, ಐ ಡಿಡಂಟ್' ಎನ್ನಬೇಕು.

ದೂರದ ಕೊರಿಯಾದ ವಿದ್ಯಾರ್ಥಿಗಳೂ ಇಲ್ಲಿಯೇ ಎಡವುತ್ತಾರೆ. ಕೊರಿಯನ್ ಭಾಷೆಯಲ್ಲಿಯೂ 'ಹೌದು, ತಂದಿಲ್ಲ' ಎಂಬ ಉತ್ತರವೇ ಸರಿ. ಅಲ್ಲಿಯೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. 'ಎ', 'ದಿ'ಗಳಂಥ ಪದಗಳಿಲ್ಲ. ಹೀಗಾಗಿ ಅವರೂ ನಮ್ಮಂತೆ ಈ ಪುಟ್ಟ ಪದಗಳನ್ನು ಬಿಟ್ಟುಬಿಡುತ್ತಾರೆ.

ನಮ್ಮಲ್ಲಿ ಮೇಲಿಂದ ಮೇಲೆ ಕಾಣುವ ಇನ್ನೂ 3 ತಪ್ಪುಗಳನ್ನು ನೋಡಿ.

1. 'ವೇರ್ ಯು ಆರ್ ಗೋಯಿಂಗ್?' 'ನೀವು ವಾಡಿಗೆ ಹೊರಟಿದ್ದೀರಿ' ಎಂಬಲ್ಲಿ 'ವಾಡಿಗೆ' ತೆಗೆದು 'ಎಲ್ಲಿಗೆ' ಇಟ್ಟರೆ ಕನ್ನಡದಲ್ಲಿ ಪ್ರಶ್ನೆ ಸಿದ್ಧ. ಇಂಗ್ಲಿಷಿನಲ್ಲಿ ಪದಗಳೂ ಸ್ಥಾನ ಬದಲಿಸಬೇಕು: 'ವೇರ್ ಆರ್ ಯು ಗೋಯಿಂಗ್?'

2. 'ಡಿಸ್ಕಸ್ ಅಬೌಟ್ ದಿ ಪ್ರಾಬ್ಲೆಮ್.' ನಾವು ಸಮಸ್ಯೆಯ 'ಬಗ್ಗೆ' ಚರ್ಚಿಸುತ್ತೇವೆ. ಆ 'ಬಗ್ಗೆ'ಯೇ 'ಅಬೌಟ್' ಆಗಿ ನುಸುಳುತ್ತದೆ. 'ಡಿಸ್ಕಸ್ ದಿ ಪ್ರಾಬ್ಲೆಮ್' ಸಾಕು.

3. 'ಯು ಆರ್ ಕಮಿಂಗ್, ಇಸಂಟ್ ಇಟ್?' ನಮ್ಮ 'ಹೌದಿಲ್ಲೋ' ಎಲ್ಲ ವಾಕ್ಯಕ್ಕೂ ಒಪ್ಪುತ್ತದೆ. ಇಂಗ್ಲಿಷಿನ ಬಾಲ ವಾಕ್ಯದೊಡನೆ ಬದಲಾಗುತ್ತದೆ. ಇಲ್ಲಿ 'ಆರಂಟ್ ಯು?' ಎನ್ನಬೇಕು.

ಭಾಷೆಯ ಗುಣದೋಷಗಳ ಚರ್ಚೆ ಈ ಸೀಮೆಗೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಿಂದ ಬಂದ 'ಕವಿರಾಜಮಾರ್ಗ' ಕನ್ನಡ ಕಾವ್ಯದ ದೋಷ ಯಾವುದು, ಗುಣ ಯಾವುದು ಎಂದು ಬಿಡಿಸಿ ಹೇಳಿತು.

ಶಿಕ್ಷಕರೇ, ಪಾಲಕರೇ, ತಪ್ಪಿಗೆ ನಕ್ಕರೆ ಮಗು ಬಾಯಿ ಮುಚ್ಚುತ್ತದೆ. ಸಂದರ್ಶನದ ದಿನವೂ ಅದು ತೆರೆಯಲಾರದು. ಅದರ ಬದಲು ಒಂದು ಪ್ರಯೋಗ ಮಾಡಿ. ತಪ್ಪಾದ ಇಂಗ್ಲಿಷ್ ವಾಕ್ಯದ ಪಕ್ಕದಲ್ಲಿ ಮಗುವಿನ ಮನಸ್ಸಿನಲ್ಲಿದ್ದ ಕನ್ನಡ ವಾಕ್ಯವನ್ನೂ ಬರೆಯಿಸಿ. ಎರಡೂ ಭಾಷೆಗಳ ದಾರಿ ಎಲ್ಲಿ ಬೇರೆಯಾಯಿತೆಂದು ಅದೇ ಬೆರಳಿಟ್ಟು ತೋರಿಸೀತು.