ಮೂಲೆ ಸೇರಿದ ಚೈನ್‌ಸಾ ಏಕೆ ಸ್ಟಾರ್ಟ್ ಆಗುವುದಿಲ್ಲ?

ತಂದೆಯವರು ತೋಟಕ್ಕೆಂದು ಕೊಂಡಿದ್ದ ಪೆಟ್ರೋಲ್ ಚೈನ್‌ಸಾ ಕೆಲವು ವರ್ಷಗಳಿಂದ ಹಾಗೇ ಬಿದ್ದಿದೆ. ಹಗ್ಗ ಎಷ್ಟು ಎಳೆದರೂ ಸ್ಟಾರ್ಟ್ ಆಗುತ್ತಿಲ್ಲ. ಎಂಜಿನ್ ಕೆಟ್ಟಿದೆಯೇ?
– ಓದುಗರು, ಯಲಹಂಕ

ಹಗ್ಗ ಎಳೆದಾಗ ಬಿಗಿತ ಸಿಕ್ಕರೆ ಎಂಜಿನ್ ಬಹುಮಟ್ಟಿಗೆ ಚೆನ್ನಾಗಿಯೇ ಇದೆ. ಸಾಮಾನ್ಯವಾಗಿ ತೊಂದರೆ ಇರುವುದು ಒಳಗೆ ಉಳಿದ ಹಳೆಯ ಪೆಟ್ರೋಲಿನಲ್ಲಿ. ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಅಂಟಾಗುತ್ತದೆ. ಬೆಲ್ಲದ ಪಾಕ ಒಣಗಿ ಜರಡಿಯ ಕಣ್ಣು ಕಟ್ಟಿಕೊಳ್ಳುವಂತೆ, ಈ ಅಂಟು ಕಾರ್ಬುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲ್ ತೇವವನ್ನೂ ಹೀರುತ್ತದೆ. ಇಂಧನವನ್ನು ಎಳೆದುಕೊಡುವ ಡಯಾಫ್ರಮ್ ಎಂಬ ತೆಳು ಪೊರೆ ಗಡುಸಾಗುತ್ತದೆ.

ಮೊದಲು ಹಳೆಯ ಪೆಟ್ರೋಲ್ ಪೂರ್ತಿ ತೆಗೆಸಿ. ಕಾರ್ಬುರೇಟರ್ ಬಿಚ್ಚಿ ತೊಳೆದು ಡಯಾಫ್ರಮ್, ಇಂಧನದ ಪೈಪು, ಫಿಲ್ಟರ್ ಬದಲಿಸಬೇಕು. ಏರ್ ಫಿಲ್ಟರ್ ಶುಚಿಗೊಳಿಸಿ, ಹೊಸ ಸ್ಪಾರ್ಕ್ ಪ್ಲಗ್ ಹಾಕಿ. ಇದು ಟೂ ಸ್ಟ್ರೋಕ್ ಎಂಜಿನ್. ಹೊಸ ಪೆಟ್ರೋಲಿಗೆ ಕೈಪಿಡಿ ಹೇಳಿದಷ್ಟು 2ಟಿ ಆಯಿಲ್ ಬೆರೆಸಲೇಬೇಕು. 50:1 ಎಂದಿದ್ದರೆ ಲೀಟರಿಗೆ 20 ಮಿಲಿ. ಆಯಿಲ್ ಇಲ್ಲದೆ ಓಡಿಸಿದರೆ ಪಿಸ್ಟನ್ ಸುಟ್ಟುಹೋಗುತ್ತದೆ. ಚೈನಿನ ಹಲ್ಲುಗಳನ್ನು ದುಂಡು ಅರದಿಂದ ಚೂಪು ಮಾಡಿ, ಚೈನ್ ಆಯಿಲ್ ತುಂಬಿಸಿ. ಚೈನ್ ಬ್ರೇಕ್ ಕೆಲಸ ಮಾಡದಿದ್ದರೆ ಗರಗಸವನ್ನು ಮುಟ್ಟಲೇಬೇಡಿ.

ಮುಂದೆ ಎತ್ತಿಡುವಾಗ ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಿ. ಏಪ್ರಿಲ್–ಮೇ ಗಾಳಿಮಳೆಗೆ ಬಿದ್ದ ಕೊಂಬೆ ಕತ್ತರಿಸಲು ಅದು ಸಿದ್ಧವಿರುತ್ತದೆ. ನಿಂತ ಮರ ಕಡಿಯುವ ಮುನ್ನ ಮಾತ್ರ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಪಡೆಯಿರಿ.